ಐದು ಗಂಟೆಯ ಹಾಜರಿ

ಮಾರ್ಚ್ 3, ಸೋಮವಾರ

ಮಿಲ್ಲು ಮುಚ್ಚಿ ಇವತ್ತಿಗೆ ನಲವತ್ತು ದಿನ. ಕೆಲಸವಿಲ್ಲದೆ ಕೂತು ಕೂತು ತಲೆ ಕೆಟ್ಟುಹೋಗುತ್ತಿದೆ, ಅದಕ್ಕೇ ಈ ಬರವಣಿಗೆ. ಪುಸ್ತಕ ಮಿಲ್ಲಿನದು. ಖಾಲಿ ಹಾಜರಿ ಪುಸ್ತಕ ಎರಡು ಉಳಿದಿದ್ದವು, ಮ್ಯಾನೇಜರನ್ನು ಕೇಳಿಯೇ ಮನೆಗೆ ತಂದೆ. ಕದ್ದದ್ದಲ್ಲ ಎಂದು ಇಲ್ಲೇ ಬರೆದಿಡುತ್ತೇನೆ.

ಇಪ್ಪತ್ತಾರು ವರ್ಷ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಹಾಜರಿ ಬರೆದವಳು ನಾನು. ಹಾಳೆಯ ಮೊದಲ ಸಾಲು ನನ್ನದು, ಆಮೇಲೆ ಉಳಿದವರದು. ಆ ಮೊದಲ ಸಾಲಿನಲ್ಲಿ ಒಂದು ಗೈರೂ ಇಲ್ಲ. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನವೂ ಐದು ಗಂಟೆಯ ಪಾಳಿಯ ಹಾಜರಿ ಮುಗಿಸಿಯೇ ಎದ್ದೆ. ತಂಗಿ ಅದನ್ನು ಇನ್ನೂ ಮರೆತಿಲ್ಲ, ಜಗಳವಾದಾಗಲೆಲ್ಲ ಎತ್ತುತ್ತಾಳೆ.

ಯುದ್ಧ ನಡೆಯುತ್ತಿರುವುದು ಇಲ್ಲಿಂದ ಮೂರು ದಿನದ ರೈಲು ದಾರಿಯಾಚೆ. ಇಲ್ಲಿ ಒಂದು ಪಟಾಕಿಯ ಸದ್ದೂ ಕೇಳಿಲ್ಲ. ಆದರೆ ಹಡಗು ನಿಂತವು, ಹಡಗು ನಿಂತದ್ದಕ್ಕೆ ಹತ್ತಿ ನಿಂತಿತು, ಹತ್ತಿ ನಿಂತದ್ದಕ್ಕೆ ಆರು ನೂರು ಜನ ಮನೆಯಲ್ಲಿ ಕೂತೆವು. ಕೆಳಗಿನ ಮನೆಯ ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. ನಕ್ಷೆ ಬಿಡಿಸಿ, ಹಡಗು ನಿಂತ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. ಆ ಜಲಸಂಧಿ ಅವರ ಉಗುರಿನಷ್ಟೂ ಅಗಲವಿಲ್ಲ.

ಗುಂಡನ ಕಾಗದ ಬಂತು. ಗುಂಡ ತಂಗಿಯ ಮಗ, ಜನವರಿಯಲ್ಲಿ ಸೈನ್ಯಕ್ಕೆ ಕರೆಸಿಕೊಂಡರು. ಅವಳ ಗಂಡ ತೀರಿಕೊಂಡಾಗ ಗುಂಡನಿಗೆ ಎರಡು ವರ್ಷ. ಅಂದಿನಿಂದ ಅವಳೂ ನಾನೂ ಸೇರಿಯೇ ಸಾಕಿದೆವು. ಗುಂಡ ಎಂದು ಕರೆದವಳು ನಾನೇ, ಹುಟ್ಟಿದಾಗ ಚೆಂಡಿನ ಹಾಗಿದ್ದ. ಈಗ ಬಾಗಿಲಿಗೆ ತಲೆ ತಗಲುವಷ್ಟು ಉದ್ದ, ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು. ಊಟ ಚೆನ್ನಾಗಿದೆ, ಕಾಲುಚೀಲ ಬೇಕು ಎಂದು ಬರೆದಿದ್ದಾನೆ. ಅವನ ಸೈನ್ಯದ ನಂಬರು 40716. ತಂಗಿ ಕಾಗದಗಳನ್ನು ಎಲ್ಲೆಂದರಲ್ಲಿ ಇಡುತ್ತಾಳೆ, ನಂಬರು ಇಲ್ಲಿರಲಿ.

ಮಾರ್ಚ್ 9, ಭಾನುವಾರ

ಸೀಮೆಎಣ್ಣೆಯ ಬೆಲೆ ಏರುತ್ತಿದೆ ಎಂದು ಸರ್ಕಾರ ಹೋದ ವಾರ ಬೆಲೆ ನಿಗದಿ ಮಾಡಿತು. ಇಷ್ಟಕ್ಕಿಂತ ಹೆಚ್ಚು ತೆಗೆದುಕೊಂಡರೆ ಜೈಲು. ಮಾರನೆಯ ದಿನವೇ ಅಂಗಡಿಗಳಲ್ಲಿ ಸೀಮೆಎಣ್ಣೆ ಮಾಯ. ಈಗ ನಮ್ಮ ಬೀದಿಯ ಕೊನೆಯ ಸರ್ಕಾರಿ ಡಿಪೋ ಒಂದೇ ಗತಿ. ಲಾರಿ ಯಾವತ್ತು ಬರುತ್ತದೆ ಎಂದು ಡಿಪೋದವನಿಗೂ ಗೊತ್ತಿಲ್ಲ. ಬಂದಾಗ ನಲವತ್ತು ಜನಕ್ಕೆ ಸಾಕಾಗುವಷ್ಟು ತರುತ್ತದೆ.

ಜನ ಬೆಳಗಾಗುವ ಮೊದಲೇ ಹೋಗಿ ನಿಲ್ಲುತ್ತಾರೆ. ನಿಲ್ಲಲಾಗದವರು ಕಲ್ಲು ಇಟ್ಟು ಬರುತ್ತಾರೆ, ಡಬ್ಬ ಇಟ್ಟು ಬರುತ್ತಾರೆ. ಒಬ್ಬಾತ ಒಂಟಿ ಚಪ್ಪಲಿ ಇಟ್ಟು ಹೋಗಿದ್ದ. ಇನ್ನೊಬ್ಬ ಆ ಚಪ್ಪಲಿಯನ್ನು ಒದ್ದು ಮುಂದೆ ನಿಂತ. ಹೊಡೆದಾಟವಾಯಿತು. ಮಂಡಿನೋವಿನ ಇಸ್ತ್ರಿಯಮ್ಮ ಏಳು ಗಂಟೆ ನಿಂತು ನಿಂತಲ್ಲೇ ಕುಸಿದಳು. ಅವಳ ತಲೆಗೆ ನೀರು ತಟ್ಟುವಾಗ ನನಗೆ ಅಳು ಬಂತು. ಇಷ್ಟು ಜನಕ್ಕೆ ಒಂದು ಹಾಜರಿ ಇದ್ದಿದ್ದರೆ ಯಾರೂ ಹೀಗೆ ಒಣಗಬೇಕಾಗಿರಲಿಲ್ಲ.

ಮಾರ್ಚ್ 11, ಮಂಗಳವಾರ

ಎರಡನೆಯ ಹಾಜರಿ ಪುಸ್ತಕ ಹಿಡಿದು ಡಿಪೋಗೆ ಹೋದೆ. ಹೇಳಿದ್ದು ಇಷ್ಟೇ: ಎಲ್ಲರಿಗೂ ಒಂದೊಂದು ನಂಬರು ಕೊಡುತ್ತೇನೆ. ಇಡೀ ದಿನ ನಿಲ್ಲುವುದು ಬೇಡ, ಮನೆಗೆ ಹೋಗಿ. ಸಂಜೆ ಐದಕ್ಕೆ ಬಂದು ನಂಬರು ಕೂಗಿದಾಗ ‘ಇದ್ದೀನಿ’ ಅನ್ನಿ. ಎರಡು ಗೈರಾದರೆ ಹೆಸರು ಹೊಡೆದುಹಾಕುತ್ತೇನೆ. ಲಾರಿ ಬಂದಾಗ ಮೊದಲ ನಲವತ್ತು ನಂಬರಿಗೆ ಎಣ್ಣೆ. ಎಣ್ಣೆ ಸಿಕ್ಕವರು ಪಟ್ಟಿಯ ಕೊನೆಗೆ ಹೋಗಬೇಕು.

ಐದು ಯಾಕೆ ಎಂದು ದರ್ಜಿ ಕೇಳಿದ. ದರ್ಜಿ ನಮ್ಮ ಕಟ್ಟಡದಲ್ಲೇ ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡಿರುವವನು, ಎಲ್ಲದಕ್ಕೂ ಯಾಕೆ ಎಂದು ಕೇಳದಿದ್ದರೆ ಅವನಿಗೆ ಊಟ ಸೇರದು. ಮಿಲ್ಲಿನ ಸೈರನ್ನು ಆಗುತ್ತಿದ್ದದ್ದು ಐದಕ್ಕೆ, ಅದಕ್ಕೇ ಐದು ಎಂದೆ.

ನೂರಾ ಎಪ್ಪತ್ತು ಹೆಸರಾಯಿತು. ಬರೆಯುವವಳಿಗೇ ನಂಬರಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಮ್ಮ ಮನೆಯ ನಂಬರನ್ನು ತಂಗಿಯ ಹೆಸರಿನಲ್ಲಿ ಮಾಡಿದೆ, ಮೂವತ್ತೊಂದು. ಹಾಳೆಯ ಮೊದಲ ಸಾಲಿನಲ್ಲಿ ಮಾತ್ರ ನನ್ನ ಹಾಜರಿ, ಮಿಲ್ಲಿನಲ್ಲಿದ್ದ ಹಾಗೆಯೇ.

ಇಸ್ತ್ರಿಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಹೊಟ್ಟೆ ತಣ್ಣಗಿರಲಿ ಅಂದಳು. ಬಹಳ ದಿನದ ಮೇಲೆ ಮನಸ್ಸಿಗೆ ಹಿತವಾಯಿತು.

ಮಾರ್ಚ್ 19, ಬುಧವಾರ

ನನಗೀಗ ಹಾಜರಿಯಮ್ಮ ಎಂದೇ ಹೆಸರು. ಹಾಲಿನವನೂ ಹಾಗೇ ಕರೆದ. ತಂಗಿ ನಕ್ಕು ನಕ್ಕು ಸುಸ್ತಾದಳು. ಕಾಲುಚೀಲ ಹೆಣೆಯುತ್ತ, ಮನೆಯಲ್ಲೂ ಹಾಜರಿ ಕೂಗುತ್ತೀಯಾ ಎಂದು ಕೇಳಿದಳು. ಕೂಗಿದರೆ ನಿನಗೆ ದಿನಾ ತಡ ಎಂದು ಬೀಳುತ್ತದೆ ಎಂದೆ.

ಲಾರಿ ಬಂತು. ನಲವತ್ತು ಜನ, ಒಂದು ತಳ್ಳಾಟವಿಲ್ಲ, ಒಂದು ಬೈಗುಳವಿಲ್ಲ. ಡಿಪೋದವನು ನನಗೆ ಕುರ್ಚಿ ಹಾಕಿಸಿದ.

ಒಂದು ತಮಾಷೆ. ಡಬ್ಬಗಳ ಮೇಲೆ ಹಸಿರು ಬಣ್ಣ ಬಳಿದಿದ್ದರು. ದರ್ಜಿ ಸುಮ್ಮನಿರಲಾರದೆ ಕತ್ತರಿಯ ತುದಿಯಿಂದ ಕೆರೆದು ನೋಡಿದ. ಕೆಳಗೆ ಶತ್ರುದೇಶದ ಅಕ್ಷರ, ಅವರ ಕಂಪನಿಯ ಕೊಕ್ಕರೆಯ ಗುರುತು. ಮೇಷ್ಟ್ರು ವಿವರಿಸಿದರು: ಅವರು ಮೂರನೆಯವರಿಗೆ ಮಾರುತ್ತಾರೆ, ಮೂರನೆಯವರು ಬಣ್ಣ ಬಳಿದು ನಮಗೆ ಮಾರುತ್ತಾರೆ. ಹಾಗಾದರೆ ಗುಂಡ ಅಲ್ಲಿ ಯಾರ ಮೇಲೆ ಬಂದೂಕು ಹಿಡಿದು ನಿಂತಿದ್ದಾನೆ ಎಂದು ತಂಗಿ ಕೇಳಿದಳು. ಎಣ್ಣೆಯಂತೂ ಚೆನ್ನಾಗಿ ಉರಿಯುತ್ತದೆ.

ಏಪ್ರಿಲ್ 2, ಬುಧವಾರ

ಪಟ್ಟಿ ಇನ್ನೂರಾ ಹನ್ನೆರಡಕ್ಕೆ ಬೆಳೆದಿದೆ. ಪುಸ್ತಕ ನೋಡದೆಯೇ ಕೂಗಬಲ್ಲೆ. ಇವತ್ತು ಎಂಟು ಹೆಸರು ಹೊಡೆದೆ. ಅದರಲ್ಲೊಬ್ಬಳು ಮಗುವಿಗೆ ಜ್ವರ ಇತ್ತು ಎಂದು ಅತ್ತಳು. ಜ್ವರ ಬರದ ಮಗು ಯಾರ ಮನೆಯಲ್ಲಿದೆ? ಒಬ್ಬರಿಗೆ ಬಿಟ್ಟರೆ ಇನ್ನೂರು ಜನಕ್ಕೆ ಬಿಡಬೇಕು.

ನಂಬರು ಹತ್ತೊಂಬತ್ತು ತೀರಿಕೊಂಡರು, ಗಡಿಯಾರ ರಿಪೇರಿಯವರು. ಅವರ ಹಿಂದಿದ್ದವರೆಲ್ಲ ಒಂದೊಂದು ನಂಬರು ಮುಂದೆ ಬಂದರು. ಎಲ್ಲರೂ ಪಾಪ ಅಂದರು, ಹೊಸ ನಂಬರು ಸರಿಯಾಗಿ ಬರೆದಿದ್ದೇನೋ ಇಲ್ಲವೋ ಎಂದು ಬಗ್ಗಿಯೂ ನೋಡಿದರು. ಹೋದ ಸಲ ಎಣ್ಣೆ ಪಡೆದು ಕೊನೆಗೆ ಹೋಗಿದ್ದ ತಂಗಿ, ಆಮೇಲೆ ಬಂದ ಮೂರು ಲಾರಿಗಳಿಂದ ಮುಂದೆ ಸರಿದು ಈಗ ಮೂವತ್ತು.

ಏಪ್ರಿಲ್ 14, ಸೋಮವಾರ

ಇವತ್ತು ಒಂದು ರಗಳೆ.

ಸರ್ಕಾರ ಹೊಸ ಪದ್ಧತಿ ತಂದಿದೆ. ಸಂಜೆಯ ರೈಲಿನಲ್ಲಿ ಬರುವ ಪಟ್ಟಿಯನ್ನು ಐದು ಗಂಟೆಗೆ ಪುರಸಭೆಯ ಒಳಗೋಡೆಗೆ ಅಂಟಿಸುತ್ತಾರೆ. ಎಡಗಡೆ ಗಾಯಗೊಂಡವರು, ಬಲಗಡೆ ಹೋದವರು. ಹೆಸರಿಲ್ಲ, ಸೈನ್ಯದ ನಂಬರು ಮಾತ್ರ. ಹೆಸರು ಹಾಕಿದರೆ ಊರಿನ ಧೈರ್ಯ ಕುಂದುತ್ತದಂತೆ. ಮನೆಗೆ ಕಾಗದ ಬರುವುದು ಮೂರು ವಾರದ ಮೇಲೆ. ಪುರಸಭೆಗೆ ಇಲ್ಲಿಂದ ಅರ್ಧ ಗಂಟೆಯ ನಡಿಗೆ, ಆರಕ್ಕೆ ಗೇಟು ಹಾಕುತ್ತಾರೆ.

ಹನ್ನೊಂದು ಹೆಂಗಸರು ಒಟ್ಟಾಗಿ ಬಂದು, ಹಾಜರಿಯನ್ನು ಆರೂವರೆಗೆ ಮಾಡಿ ಎಂದು ಕೇಳಿದರು. ಅವರ ಜೊತೆ ತಂಗಿಯೂ ಇದ್ದಳು, ಮನೆಯಲ್ಲಿ ನನಗೆ ಒಂದು ಮಾತು ಹೇಳದೆ. ಡಿಪೋದವನು ನಿಮ್ಮಿಷ್ಟ ಅಂದ. ನಾನು ಆಗುವುದಿಲ್ಲ ಅಂದೆ. ಇನ್ನೂರು ಜನ ಐದಕ್ಕೆ ಒಗ್ಗಿದ್ದಾರೆ, ಹನ್ನೊಂದು ಜನಕ್ಕಾಗಿ ಬದಲಾಯಿಸಲಿಕ್ಕೆ ಇದೇನು ಮದುವೆಯ ಮುಹೂರ್ತವೇ? ಆ ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಗೇಟು ತೆಗೆಯುತ್ತಾರೆ, ಆಗ ಹೋಗಿ ನೋಡಲಿ.

ತಂಗಿ ಮನೆಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು: “ಮಧ್ಯೆ ಒಂದು ರಾತ್ರಿ ಇದೆ ಅಕ್ಕ. ಅದನ್ನ ಹೇಗೆ ಕಳೀಲಿ?”

ಎಲ್ಲರೂ ಕಳೆಯುವ ಹಾಗೆ ಎಂದೆ.

ಏಪ್ರಿಲ್ 15, ಮಂಗಳವಾರ

ಮೂವತ್ತು, ಗೈರು.

ಏಪ್ರಿಲ್ 16, ಬುಧವಾರ

ಮೂವತ್ತು, ಗೈರು. ಹೊಡೆದೆ.

ಇನ್ನೂರು ಜನ ನನ್ನ ಪೆನ್ನನ್ನೇ ನೋಡುತ್ತಿದ್ದರು. ಹಾಜರಿಯಮ್ಮ ಸ್ವಂತ ತಂಗಿಯನ್ನೂ ಬಿಡಲಿಲ್ಲ ಎಂದು ಯಾರೋ ಹಿಂದಿನಿಂದ ಅಂದರು. ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ. ಹೊಗಳಿದ್ದೇ ಇರಬೇಕು.

ಆ ಹನ್ನೊಂದರಲ್ಲಿ ಒಂಬತ್ತು ಹೆಸರು ಹೋದವು.

ಏಪ್ರಿಲ್ 24, ಗುರುವಾರ

ಮನೆಯಲ್ಲಿ ಸೀಮೆಎಣ್ಣೆ ಮುಗಿದು ಮೂರು ದಿನ. ತಣ್ಣನೆ ಬ್ರೆಡ್ಡು, ತಣ್ಣನೆ ಹಾಲು. ಪಟ್ಟಿಯ ಕೊನೆಯಲ್ಲಿ ಮತ್ತೆ ಹೆಸರು ಬರೆಸು ಎಂದು ತಂಗಿಗೆ ಹೇಳಿದೆ. ಐದಕ್ಕೆ ತನಗೆ ಬೇರೆ ಕೆಲಸವಿದೆ ಅಂದಳು. ಮೊಂಡಾಟ. ಚಿಕ್ಕಂದಿನಿಂದಲೂ ಹಾಗೇ, ಹಿಡಿದದ್ದನ್ನು ಬಿಡುವವಳಲ್ಲ.

ದಿನಾ ನಾಲ್ಕೂವರೆಗೆ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ, ಆರೂವರೆಗೆ ಬರುತ್ತಾಳೆ. ಬಂದವಳು ಬಾಗಿಲಲ್ಲಿ ನಿಂತು “ಇವತ್ತಿಲ್ಲ” ಎನ್ನುತ್ತಾಳೆ. ಮುಖ ಆಗ ಐದು ನಿಮಿಷ ಅರಳಿರುತ್ತದೆ. ಆಮೇಲೆ ಕೂತು ಕಾಲುಚೀಲ ಹೆಣೆಯುತ್ತಾಳೆ. ಇದು ನಾಲ್ಕನೆಯ ಜೊತೆ, ಅವನಿಗೇನು ಎಂಟು ಕಾಲೇ?

ದರ್ಜಿ ಅರ್ಧ ಸೀಸೆ ಎಣ್ಣೆ ತಂದು ಬಾಗಿಲಲ್ಲಿ ಇಟ್ಟಿದ್ದ. ವಾಪಸು ಕೊಟ್ಟೆ. ಹಾಗೆ ತೆಗೆದುಕೊಂಡರೆ ನಾಳೆ ಪಟ್ಟಿ ಓದಲು ಬಾಯಿ ಏಳುವುದಿಲ್ಲ. ಅವನು ತಲೆ ಕೆರೆದುಕೊಂಡು, ಈ ಸಲ ಯಾಕೆ ಎಂದು ಕೇಳದೆ ಮೆಟ್ಟಿಲು ಇಳಿದ.

ಮೇ 1, ಗುರುವಾರ

ಮಿಲ್ಲಿನ ಮ್ಯಾನೇಜರ್ ಹೇಳಿಕಳಿಸಿದ್ದರು, ಹೋಗಿಬಂದೆ. ಮಿಲ್ಲು ಹತ್ತೊಂಬತ್ತಕ್ಕೆ ತೆಗೆಯುತ್ತದೆ! ಮಿತ್ರದೇಶವೊಂದು ಸಾಲದ ಮೇಲೆ ಹತ್ತಿ ಕೊಡುತ್ತದೆ, ನಾವು ಬ್ಯಾಂಡೇಜಿನ ಬಟ್ಟೆ ನೇಯ್ದು ಸೈನ್ಯಕ್ಕೆ ಕೊಡಬೇಕು. ಎರಡು ಪಾಳಿ ಸಾಲದು, ಮೂರು ಪಾಳಿಯಂತೆ. ಮೊದಲಿಗಿಂತ ಹೆಚ್ಚು ಜನ ಬೇಕಂತೆ.

ಮ್ಯಾನೇಜರ್ ಡಿಪೋದ ಪಟ್ಟಿಯ ವಿಷಯ ಕೇಳಿದ್ದಾರೆ. ತಂಗಿಯ ಹೆಸರು ಹೊಡೆದದ್ದೂ ಅವರ ಕಿವಿಗೆ ಬಿದ್ದಿದೆ. ನಿಮ್ಮಂಥವರೇ ಬೇಕು, ಮೂರು ಪಾಳಿಗೂ ನೀವೇ ಮುಖ್ಯಸ್ಥೆ ಎಂದರು. ಖುಷಿಗೆ ದಾರಿಯಲ್ಲಿ ಒಬ್ಬಳೇ ನಕ್ಕೆ.

ಮೇಷ್ಟ್ರಿಗೆ ಹೇಳಿದೆ. ಯುದ್ಧ ಮುಚ್ಚಿಸಿದ ಮಿಲ್ಲನ್ನು ಯುದ್ಧವೇ ತೆಗೆಯಿತು ಎಂದರು. ಮೂರು ಪಾಳಿ ಬ್ಯಾಂಡೇಜ್ ಅಂದರೆ ಎಷ್ಟು ಜನಕ್ಕೆ ಎಂದು ಲೆಕ್ಕ ಹಾಕಲು ಹೊರಟರು. ನಾನು ಕೇಳಲು ನಿಲ್ಲಲಿಲ್ಲ, ಐದಾಗುತ್ತಿತ್ತು. ಮೇಷ್ಟ್ರು ಕೂಡ ಪುರಸಭೆಗೆ ಹೊರಟಿದ್ದರು. ಅವರ ಅಳಿಯ ಯುದ್ಧದಲ್ಲಿದ್ದಾನೆ. ಅವರ ನಂಬರು, ಅರವತ್ತೆರಡು, ಎರಡು ವಾರದ ಹಿಂದೆಯೇ ಹೊಡೆದಿದ್ದೇನೆ. ಆದರೂ ನಗುಮುಖದಿಂದಲೇ ಮಾತಾಡಿಸುತ್ತಾರೆ, ದೊಡ್ಡ ಮನುಷ್ಯರು.

ಮೇ 6, ಮಂಗಳವಾರ

ಲಾರಿ ಬಂದಿತ್ತು. ಹಾಜರಿ ಎಲ್ಲ ಸರಿ. ತಂಗಿ ಬೇಗ ಬಂದು ಮಲಗಿದ್ದಳು. ತಲೆನೋವಂತೆ.

ಮೇ 7, ಬುಧವಾರ

ಅಂತೂ ದಾರಿಗೆ ಬಂದಳು!

ಇವತ್ತು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಡಿಪೋ ಮುಂದೆ ನಿಂತಿದ್ದಳು. ಪಟ್ಟಿ ತೆರೆಯುವ ಮೊದಲು ನನ್ನ ಕುರ್ಚಿಯ ಹತ್ತಿರ ಬಂದು “ಅಕ್ಕ” ಅಂದಳು. ಹೆಸರು ಬರೆಸಲು ಬಂದಿದ್ದಾಳೆಂದು ತಕ್ಷಣ ಗೊತ್ತಾಯಿತು. ಎಲ್ಲರೆದುರು ಅವಳಿಗೆ ಮುಜುಗರ ಬೇಡವೆಂದು ನಾನೇ ಬೇಗ ಬರೆದು, ಇನ್ನೂರಾ ಮೂರು, ಹಿಂದೆ ಹೋಗಿ ನಿಲ್ಲು ಎಂದೆ. ಸುಮ್ಮನೆ ಹೋಗಿ ನಿಂತಳು. ಕೂಗಿದಾಗ ಇದ್ದೀನಿ ಅಂದಳು, ದನಿ ಬಹಳ ಸಣ್ಣದು. ಇನ್ನೂರರಾಚೆಯವರು ಗಟ್ಟಿಯಾಗಿ ಹೇಳಬೇಕು ಎಂದು ಎಲ್ಲರಿಗೂ ಸೇರಿಸಿ ಎಚ್ಚರಿಸಿದೆ.

ಮೇ 10, ಶನಿವಾರ

ಇನ್ನೂರಾ ಮೂರು ದಿನಾ ಹಾಜರು, ಅದೂ ಹೊತ್ತಿಗೆ ಮೊದಲೇ. ಮನೆಯಲ್ಲೂ ಶಿಸ್ತು ಬಂದಿದೆ. ಹೆಣಿಗೆ ಕಡ್ಡಿಗಳನ್ನು ಡಬ್ಬದೊಳಗೆ ಹಾಕಿ ಮೇಲಿಟ್ಟಿದ್ದಾಳೆ. ನಾಲ್ಕನೆಯ ಜೊತೆಯಲ್ಲಿ ಒಂದೇ ಕಾಲಿನದು ಮುಗಿದಿದೆ, ಇನ್ನೊಂದನ್ನು ಯಾಕೆ ಬಿಟ್ಟೆ ಎಂದರೆ ಉಣ್ಣೆ ಸಾಲಲಿಲ್ಲ ಅಂದಳು. ಕಾಗದ ಬರೆಯುವುದೂ ಕಡಿಮೆಯಾಗಿದೆ. ಅಂಚೆ ಚೀಟಿಗೆ ಈಗ ಎರಡರಷ್ಟು, ಒಳ್ಳೆಯದೇ ಆಯಿತು.

ಊಟ ಮಾತ್ರ ಸರಿಯಾಗಿ ಮಾಡುತ್ತಿಲ್ಲ. ತಣ್ಣನೆ ತಿಂದು ತಿಂದು ಹೊಟ್ಟೆ ಕೆಟ್ಟಿರಬೇಕು. ಎಣ್ಣೆ ಸಿಗುವವರೆಗೆ ಹೀಗೇ.

ಮೇ 13, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ನಾಲ್ಕೂ ಮುಕ್ಕಾಲಿಗೆ ಪುಸ್ತಕ ತೆಗೆದುಕೊಂಡು ಮೆಟ್ಟಿಲು ಇಳಿದೆ. ತಂಗಿ ಮೊದಲೇ ಹೋಗಿದ್ದಳು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ದರ್ಜಿ ಮಿಷನ್ ನಿಲ್ಲಿಸಿದ್ದ, ಅವನೂ ಡಿಪೋಗೆ ಹೊರಡುವವನು. ಮೇಷ್ಟ್ರು ನನ್ನನ್ನು ನೋಡಿ ಕೈ ಮುಗಿದರು. ಅವರು ನನಗೆ ಯಾವತ್ತೂ ಕೈ ಮುಗಿದವರಲ್ಲ.

“ನಿಮ್ಮದು ಏನು ಗಟ್ಟಿ ಜೀವ ಹಾಜರಿಯಮ್ಮ” ಅಂದರು. “ಮನೇಲಿ ಇಷ್ಟು ದೊಡ್ಡದು ಆಗಿದೆ, ಇಬ್ಬರೂ ಒಂದು ದಿನಾನೂ ಹಾಜರಿ ಬಿಡಲಿಲ್ಲ. ನನ್ನ ಕೈಲಿ ಆಗ್ತಿರಲಿಲ್ಲ.”

ಏನಾಗಿದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ದರ್ಜಿಯ ಮುಖ ನೋಡಿದರು. ಕೇಳಿ ಕೇಳಿ ಬಾಯಿ ಬಿಡಿಸಿದೆ. ಹೋದ ಮಂಗಳವಾರ ಗೋಡೆಯ ಮುಂದೆ ತಂಗಿ ಅವರ ಪಕ್ಕದಲ್ಲೇ ಇದ್ದಳು. ಬಲಗಡೆಯ ಪಟ್ಟಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಇವರನ್ನು ಗಂಟೆ ಎಷ್ಟು ಎಂದು ಕೇಳಿದಳು. ಐದೂ ಹತ್ತು ಅಂದರು. “ನಾಳೆಯಿಂದ ನಾನು ಹಾಜರಿಗೆ ಹೋಗಬಹುದು ಮೇಷ್ಟ್ರೇ” ಅಂದಳಂತೆ. ನನಗೆ ತಿಳಿದಿದೆ ಎಂದೇ ಇವರು ಅಂದುಕೊಂಡಿದ್ದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಒಂದೇ ಮನೆ.

ಪುಸ್ತಕವನ್ನು ದರ್ಜಿಯ ಕೈಗೆ ಕೊಟ್ಟೆ. ಪುರಸಭೆಯ ಕಡೆ ನಡೆದೆ. ಓಡಿದೆನೋ ನಡೆದೆನೋ ಸರಿಯಾಗಿ ನೆನಪಿಲ್ಲ, ಒಂದು ಚಪ್ಪಲಿಯ ಉಂಗುಟ ಕಿತ್ತುಹೋಗಿದೆ. ಐದೂ ಇಪ್ಪತ್ತಕ್ಕೆ ಮುಟ್ಟಿದೆ. ಹಳೆಯ ಪಟ್ಟಿಗಳನ್ನು ತೆಗೆದಿಲ್ಲ, ಪಕ್ಕಪಕ್ಕದಲ್ಲಿ ಅಂಟಿಸುತ್ತ ಹೋಗಿದ್ದಾರೆ. ಗೋಡೆ ತುಂಬಿ ಮೂಲೆ ತಿರುಗಿದೆ. ಮೇ 6 ಎಂದು ಬರೆದದ್ದನ್ನು ಹುಡುಕಿದೆ. ನನ್ನ ಕೆಲಸವೇ ನಂಬರು ಓದುವುದು, ಬೇಗ ಸಿಕ್ಕಿತು. ಬಲಗಡೆ, ಮೇಲಿನಿಂದ ಹದಿನೇಳನೆಯದು. 40716. ಬೆರಳಿಟ್ಟು ಇಟ್ಟು ಅಲ್ಲಿ ಶಾಯಿ ಸ್ವಲ್ಪ ಮಾಸಿತ್ತು, ತಂಗಿಯದೇ ಬೆರಳಿರಬೇಕು. ನಾನೂ ಇಟ್ಟೆ.

ಇನ್ನೂರು ಜನರ ನಂಬರು ಬಾಯಲ್ಲಿ ಇಟ್ಟುಕೊಂಡಿದ್ದೆ. ಅವನದು ಎಂದೂ ಬಾಯಿಗೆ ಬಂದಿರಲಿಲ್ಲ, ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಾಗಿದ್ದೆ. ದಾರಿಯುದ್ದಕ್ಕೂ, ತಪ್ಪು ನಂಬರು ನೆನಪಾಗಿರಲಿ ದೇವರೇ ಎಂದು ಬೇಡಿಕೊಂಡು ಬಂದೆ. ಮನೆಗೆ ಬಂದು ಮಾರ್ಚ್ 3ರ ಪುಟ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು.

ಅದಕ್ಕೂ ಮೊದಲು ಮೆಟ್ಟಿಲ ಕೆಳಗೆ ದರ್ಜಿ ಕಾಯುತ್ತಿದ್ದ. ಪುಸ್ತಕ ಕೊಟ್ಟ. ನನ್ನ ಹಾಗೆಯೇ ಅಚ್ಚುಕಟ್ಟಾಗಿ ಹಾಜರಿ ಹಾಕಿದ್ದಾನೆ. ಮೊದಲ ಸಾಲಿನಲ್ಲಿ ಗೈರು ಎಂದು ಬರೆದಿದ್ದ. “ಬರೀಬಾರದಿತ್ತೇನೋ. ನಿಮ್ಮ ನಿಯಮ ಅಂತ ಬರೆದೆ” ಅಂದ. ಸರಿಯಾಗಿದೆ ಎಂದೆ.

ತಂಗಿ ಕಿಟಕಿಯ ಹತ್ತಿರ ಕೂತಿದ್ದಳು. ನನ್ನ ಕಾಲಲ್ಲಿ ಚಪ್ಪಲಿ ಒಂದೇ ಇರುವುದನ್ನು ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಪಕ್ಕದಲ್ಲಿ ಕೂತೆ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ವಾರ, ಇಡೀ ಒಂದು ವಾರ ಒಬ್ಬಳೇ ಇದನ್ನು ಹೊತ್ತುಕೊಂಡು ನನ್ನೆದುರು ಓಡಾಡಿದ್ದಾಳೆ.

“ನನಗೆ ಯಾಕೆ ಹೇಳಲಿಲ್ಲ?” ಅಂದೆ.

“ಮಾರನೇ ದಿನ ಹೇಳೋಕೆ ಬಂದೆ ಅಕ್ಕ, ಡಿಪೋಗೆ. ಅಕ್ಕ ಅಂದೆ. ನೀನು ನಂಬರ್ ಕೊಟ್ಟೆ, ಹಿಂದೆ ಹೋಗಿ ನಿಲ್ಲು ಅಂದೆ. ಆಮೇಲೆ ಕೂಗಿದೆ.” ನನ್ನ ಬರಿಗಾಲಿನ ಕಡೆ ನೋಡಿದಳು. “ಇದ್ದೀನಿ ಅಂದೆ. ಇನ್ನೇನು ಹೇಳಲಿ?”

ಮೇ 14, ಬುಧವಾರ

ಐದು ಗಂಟೆಗೆ ಮನೆಯಲ್ಲೇ ಇದ್ದೆ, ತಂಗಿಯ ಪಕ್ಕದಲ್ಲಿ. ಅವಳ ತೊಡೆಯ ಮೇಲೆ ಆ ಒಂದು ಕಾಲುಚೀಲ ಇತ್ತು. ಇಬ್ಬರೂ ಅತ್ತೆವು. ಅವನು ಚೆಂಡಿನ ಹಾಗಿದ್ದಾಗಿನ ಮಾತೆಲ್ಲ ಆಡಿದೆವು. ಅಪ್ಪನ ದಿನದ ವಿಷಯವನ್ನು ಅವಳು ಎತ್ತಲಿಲ್ಲ, ನಾನೇ ಎತ್ತಿದೆ. ಮಿಲ್ಲಿನ ಮ್ಯಾನೇಜರಿಗೆ ಏನು ಹೇಳಬೇಕೋ ಇನ್ನೂ ತಿಳಿಯದು.

ದರ್ಜಿ ಆರಕ್ಕೆ ಮೇಲೆ ಬಂದ. ನಾಳೆಯಿಂದ ಹಾಜರಿ ಆರೂವರೆಗೆ ಎಂದು ಎಲ್ಲರಿಗೂ ಹೇಳಿದನಂತೆ, ಒಬ್ಬರೂ ಬೇಡ ಅನ್ನಲಿಲ್ಲವಂತೆ. ಆಮೇಲೆ ಪುಸ್ತಕ ತೆರೆದು ಮೊದಲ ಸಾಲು ತೋರಿಸಿದ. ಎರಡನೆಯ ಗೈರಿನ ಜಾಗವನ್ನು ಖಾಲಿ ಬಿಟ್ಟಿದ್ದ.

ಅವನ ಕಿವಿಯ ಮೇಲಿದ್ದ ಪೆನ್ಸಿಲ್ಲು ತೆಗೆದುಕೊಂಡು ನಾನೇ ತುಂಬಿದೆ, ಆಮೇಲೆ ನನ್ನ ಹೆಸರು ಹೊಡೆದೆ.